ಚರಗ ಬಿದ್ದ ರಸ್ತೆ

ನಾಲಿಗೆಗೆ ಎಲುಬಿಲ್ಲ ಎನ್ನುವುದು ಎಲ್ಲರಿಗೂ ಸಲ್ಲುವ ಮಾತು, ಒಪ್ಪೋಣ. ಆದರೆ ಬನ್ನಿಕಟ್ಟಿಯ ರೇವಣಪ್ಪನ ನಾಲಿಗೆಗೆ ಎಲುಬು ಹೋಗಲಿ, ಮೂಗುದಾರವೂ ಇರಲಿಲ್ಲ. ಮದುವೆಯ ಮನೆಯಾಗಲಿ ಸಾವಿನ ಮನೆಯಾಗಲಿ, ಒಂದು ಚಾಷ್ಟಿ ಮಾಡಿ ನಾಲ್ಕು ಜನರನ್ನು ನಗಿಸದೆ ಅವನು ಎದ್ದು ಬಂದದ್ದಿಲ್ಲ. ಊರಿಗೆ ಅದು ರೂಢಿಯಾಗಿತ್ತು. ಅವನ ಹೆಂಡತಿ ಗುರುಬಾಯಿಗೆ ಮಾತ್ರ ಇಷ್ಟು ವರ್ಷ ಸಂಸಾರ ಮಾಡಿದರೂ ರೂಢಿಯಾಗಿರಲಿಲ್ಲ.

"ನಿಮ್ಮ ಬಾಯಿ ಒಂದಿನ ನಮ್ಮ ಮನಿ ಬಾಗಲಾ ಮುಚ್ಚಸ್ತದ ನೋಡ್ರಿ," ಎಂದು ಆಕೆ ಹೇಳುತ್ತಲೇ ಬಂದಿದ್ದಳು.

ಗುರುಬಾಯಿಯ ಮಾತು ಸುಳ್ಳಾಗುವುದು ಅಪರೂಪ. ಇದೂ ಸುಳ್ಳಾಗಲಿಲ್ಲ.

ಹೋದ ವರ್ಷದ ಎಳ್ಳಮಾವಾಸ್ಯೆಯ ದಿನ ಅದು. ಆ ದಿನ ಈ ಸೀಮೆಯಲ್ಲಿ ಮನೆಯೊಳಗೆ ಕೂತು ಉಣ್ಣುವವರು ಯಾರೂ ಇರುವುದಿಲ್ಲ. ಸಜ್ಜೆ ಕಡುಬು, ಕಾಳು ಸೊಪ್ಪು ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ ಎಲ್ಲ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಅಡುಗೆಯಲ್ಲಿ ಒಂದಿಷ್ಟನ್ನು ಕಲಸಿ ಹೊಲದ ಸುತ್ತ ಚರಗ ಚೆಲ್ಲಿ, ಆಮೇಲೆ ಹಾದಿಯಲ್ಲಿ ಹೋಗುವವರನ್ನೂ ಕರೆದು ಕೂಡಿಸಿಕೊಂಡು ಉಣ್ಣುತ್ತದೆ. ರೇವಣಪ್ಪ ತನ್ನ ಒಬ್ಬಳೇ ಮಗಳು ಸುವರ್ಣಾಳನ್ನು ಆಳಂದ ತಾಲೂಕಿನ ಸರಸಂಬಾಕ್ಕೆ ಕೊಟ್ಟು ಆಗಿನ್ನೂ ವರ್ಷ ತುಂಬಿರಲಿಲ್ಲ. ಅವಳ ಮಾವ ಮಲ್ಲಣ್ಣ ತಮ್ಮ ಮಗ, ಸೊಸೆ, ನೆಂಟರನ್ನೆಲ್ಲ ಒಂದು ಕ್ರೂಸರ್ ಗಾಡಿಯಲ್ಲಿ ತುಂಬಿಕೊಂಡು, ಬೀಗರ ಹೊಲದ ಊಟಕ್ಕೆಂದು ಬೆಳಗ್ಗೆಯೇ ಹೊರಟಿದ್ದರು. ಹೊರಟದ್ದು ಬೆಳಗ್ಗೆ ನಿಜ. ಆದರೆ ಬನ್ನಿಕಟ್ಟಿ ಕ್ರಾಸು ಇನ್ನೂ ಅಷ್ಟು ದೂರ ಇರುವಾಗಲೇ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಗಾಡಿ ಸಿಕ್ಕಿಕೊಂಡಿತು. ಊರಿನ ನೀರಿನ ಟಾಕಿ ಕಣ್ಣಿಗೆ ಕಾಣುತ್ತಿತ್ತು. ಇಳಿದು ನಡೆದಿದ್ದರೆ ಊಟದ ಹೊತ್ತಿಗೆ ಬಂದು ಮುಟ್ಟುತ್ತಿದ್ದರು. ಆದರೆ ರುಮಾಲು ಸುತ್ತಿಕೊಂಡು ಬೀಗರ ಮನೆಗೆ ಕಾಲ್ನಡಿಗೆಯಲ್ಲಿ ಹೋಗುವುದು ಎಂದರೇನು? ಮಲ್ಲಣ್ಣ ಇಳಿಯಲಿಲ್ಲ. ಅವರು ಇಳಿಯಲಿಲ್ಲವೆಂದು ಉಳಿದವರೂ ಇಳಿಯಲಿಲ್ಲ.

ಹೊತ್ತು ಮುಳುಗುವಾಗ ಗಾಡಿ ಹೊಲಕ್ಕೆ ಬಂತು. ಉಂಡವರು ಎದ್ದುಹೋಗಿದ್ದರು, ಭಜ್ಜಿ ಆರಿ ತಣ್ಣಗಾಗಿತ್ತು, ನಾಯಿಗಳು ಎಲೆಗಳ ಲೆಕ್ಕ ಮುಗಿಸುತ್ತಿದ್ದವು. ರೇವಣಪ್ಪ ಸಂಭ್ರಮದಿಂದಲೇ ಎದುರು ಹೋದ. ಸುಮ್ಮನೆ 'ಬರ್ರಿ' ಎಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಬರ್ರಿ ಬೀಗ್ರ! ಈ ವರ್ಷದ ಅಮಾಶಿಗಿ ತಡಾ ಆತೋ, ಮುಂದಿನ ವರ್ಷದ್ದಕ್ಕ ಲಗೂನ ಬಂದ್ರೋ?"

ಹೊಟ್ಟೆ ತುಂಬಿದ ಬೀಗರ ಜೊತೆ ಏನು ಚಾಷ್ಟಿ ಮಾಡಿದರೂ ನಡೆಯುತ್ತದೆ. ಹಸಿದ ಬೀಗರ ಕತೆ ಬೇರೆ. ಮಲ್ಲಣ್ಣ ಗಾಡಿಯ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟವರು ಹಾಗೇ ನಿಂತರು.

"ರೇವಣಪ್ಪನವ್ರ, ಈ ರಸ್ತಾ ರಸ್ತಾ ಆಗೋತನಕ, ಇದರ ಮ್ಯಾಲ ಹಾದು ನನ್ನ ಮನಿ ಮಂದಿ ನಿಮ್ಮ ಮನಿಗಿ ಬರಂಗಿಲ್ಲ. ಇದು ಮಲ್ಲಣ್ಣನ ಮಾತು."

ಒಂದು ತಂಬಿಗೆ ನೀರನ್ನೂ ಮುಟ್ಟದೆ ಗಾಡಿ ತಿರುಗಿಸಿಕೊಂಡು ಹೋದರು. ಹಿಂದಿನ ಸೀಟಿನಲ್ಲಿ ಸುವರ್ಣಾ ತಿರುಗಿ ನೋಡುತ್ತಲೇ ಇದ್ದಳು. ರೇವಣಪ್ಪನಿಗೆ ಆ ಮುಖ ಆಮೇಲೆ ವರ್ಷವಿಡೀ ಕಣ್ಣಿಗೆ ಕಟ್ಟಿಕೊಂಡಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ರೇವಣಪ್ಪನ ಪಾಲಿಗೆ ಎರಡೂ ಒಟ್ಟಿಗೇ ಹೋದವು.

ಮಲ್ಲಣ್ಣ ಕೆಟ್ಟವರಲ್ಲ, ಇದನ್ನೂ ಹೇಳಬೇಕು. ಸೊಸೆಯನ್ನು ಮಗಳಿಗಿಂತ ಹೆಚ್ಚು ಮಾಡಿ ನೋಡಿಕೊಂಡವರು. ರೇವಣಪ್ಪ ತಾನಾಗಿ ಸರಸಂಬಾಕ್ಕೆ ಹೋದರೆ ಕಾಲಿಗೆ ನೀರು ಕೊಟ್ಟು, ಚಹಾ ಕುಡಿಸಿ, ಉಣ್ಣಿಸದೆ ಬಿಡುತ್ತಿರಲಿಲ್ಲ. ಆದರೆ ಮಾತಿಗೆ ಜೋತುಬಿದ್ದ ಮನುಷ್ಯ. ಒಂದು ಗೇಣು ಬದುವಿಗಾಗಿ ದಾಯಾದಿಯ ಮೇಲೆ ದಾವೆ ಹೂಡಿ, ತಲೆಗೂದಲು ಬೆಳ್ಳಗಾಗುವ ತನಕ ಕೋರ್ಟಿಗೆ ಅಲೆದು ಗೆದ್ದವರು. "ನಮ್ಮಪ್ಪ ವರ್ಷಾ ಆ ಬದುವಿನತನಕ ಚರಗ ಚೆಲ್ತಿದ್ದ. ಚರಗ ಎಲ್ಲಿತನಕ ಬೀಳ್ತದೋ ಹೊಲ ಅಲ್ಲಿತನಕ. ಇದೇ ಮಾತಿನ ಮ್ಯಾಲ ಗೆದ್ದೇನಿ," ಎಂದು ನಿಶ್ಚಯದ ದಿನವೇ ಎರಡು ಸಲ ಹೇಳಿದ್ದರು. ಗುರುಬಾಯಿ ಆ ಮಾತನ್ನು ಎರಡು ಸಲವೂ ತಲೆಯಾಡಿಸಿ ಕೇಳಿದ್ದಳು.

ಪಂಚಮಿ ಬಂತು. ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಆಡಿದರು. ಗುರುಬಾಯಿ ಮಾಡಿದ ಉಂಡಿಗಳು ಡಬ್ಬಿಯಲ್ಲಿ ಕೂತು ಬಸ್ಸಿನ ಕಂಡಕ್ಟರನ ಕೈಯಲ್ಲಿ ಸರಸಂಬಾಕ್ಕೆ ಹೋದವು. ದೀಪಾವಳಿಗೂ ಡಬ್ಬಿಯೇ ಹೋಗಿಬಂತು. ಖಾಲಿ ಡಬ್ಬಿಯನ್ನು ತೊಳೆದಿಡುವಾಗ ಗುರುಬಾಯಿ ಗಂಡನ ಕಡೆ ಒಂದು ನೋಟ ನೋಡಿದಳು. ಆ ನೋಟಕ್ಕಿಂತ ಬೈದಿದ್ದರೇ ವಾಸಿಯಿತ್ತು.

ಮಗಳು ಬರಬೇಕಾದರೆ ರಸ್ತೆಯಾಗಬೇಕು. ರೇವಣಪ್ಪ ರಸ್ತೆಯ ಹಿಂದೆ ಬಿದ್ದ.

ಬನ್ನಿಕಟ್ಟಿ ಮೊದಲು ಅಫಜಲಪುರದ ಆಚೆಗಿನ ಒಂದು ಹಳ್ಳಿ. ಕ್ರಾಸಿನಲ್ಲಿ ಒಂದು ಬನ್ನಿಗಿಡ, ಒಂದು ಕಟ್ಟೆ, ಇಷ್ಟೇ. ಈಗ ಪೇಟೆಯ ಬಾಲ ಬೆಳೆದು ಬೆಳೆದು ಇಲ್ಲಿಯ ತನಕ ಬಂದಿದೆ. ಪ್ಲಾಟುಗಳು, ಟೈರಿನಂಗಡಿ, ವೆಲ್ಡಿಂಗ್ ಅಂಗಡಿ, ಒಂದು ಕಲ್ಯಾಣಮಂಟಪ. ಜೇವರ್ಗಿ ಕಡೆಯಿಂದ ಹತ್ತಿಯ ಲಾರಿ, ಆಳಂದ ಕಡೆಯಿಂದ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋಗುವ ಭಕ್ತರ ಗಾಡಿ, ಭೀಮಾ ದಂಡೆಯಿಂದ ಎರಡೆರಡು ಟ್ರಾಲಿ ಎಳೆದುಕೊಂಡು ಹಾಡು ಹಚ್ಚಿಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರು, ಎಲ್ಲವೂ ಬಂದು ಈ ಕ್ರಾಸಿನಲ್ಲಿ ಕೂಡುತ್ತವೆ. ಕೂಡಿದ ಮೇಲೆ ಕದಲುವುದಿಲ್ಲ. ಹೈವೇಯವರು ಜೇವರ್ಗಿ ಕಡೆಯಿಂದ ರಸ್ತೆ ಅಗಲ ಮಾಡುತ್ತ ಬಂದು ಬನ್ನಿಗಿಡದ ಬುಡದಲ್ಲಿ ಒಂದು ಹಳದಿ ಕಲ್ಲು ಹುಗಿದು ನಿಂತಿದ್ದರು. ಪಿಡಬ್ಲ್ಯುಡಿಯವರು ಎದುರು ಕಡೆಯಿಂದ ಡಾಂಬರು ಹಾಕುತ್ತ ಬಂದು ಹಳ್ಳದ ಪೂಲಿಗೆ, ಅಂದರೆ ಸೇತುವೆಗೆ, ನಿಂತಿದ್ದರು. ಕಲ್ಲಿಗೂ ಪೂಲಿಗೂ ನಡುವೆ ಒಂದು ಕೂಗಳತೆ ರಸ್ತೆ ಹಾಗೇ ಉಳಿದಿತ್ತು. ರಸ್ತೆ ಎನ್ನುವುದು ಮರ್ಯಾದೆಯ ಮಾತು. ಎಮ್ಮೆ ಕೂತರೆ ಕೊಂಬಷ್ಟೇ ಕಾಣುವಂಥ ಗುಂಡಿಗಳು.

ಹೈವೇ ಆಫೀಸಿನಲ್ಲಿ ಇಂಜಿನಿಯರ್ ಕಲ್ಯಾಣಕುಮಾರ ನಕ್ಷೆ ಬಿಚ್ಚಿ ತೋರಿಸಿದರು. "ನೋಡ್ರಿ ಯಜಮಾನ್ರ, ಆ ಕಲ್ಲಿನತನಕ ಡಿಲ್ಲಿ ರೊಕ್ಕ. ಕಲ್ಲು ದಾಟಿದ್ರ ಬೆಂಗಳೂರಿನ ರೊಕ್ಕ."

ಪಿಡಬ್ಲ್ಯುಡಿಯ ಇಂಜಿನಿಯರ್ ಧರ್ಮರಾಜ ನಕ್ಷೆಯನ್ನೂ ಬಿಚ್ಚಲಿಲ್ಲ. "ಪೂಲಿನತನಕ ನಮ್ದು. ಆಚಿಗಿಂದು ಡಿಲ್ಲಿಯವ್ರಿಗಿ ಕೊಟ್ಟು ಎಷ್ಟೋ ದಿನ ಆತು. ಅವರು ತಗೊಂಡಾರೋ ಇಲ್ಲೋ, ಅವರನ್ನೇ ಕೇಳ್ರಿ."

"ಹಂಗಾದ್ರ ಸಾಹೇಬ್ರ, ನೀವು ಕೊಟ್ಟೀರಿ, ಅವ್ರು ತಗೊಂಡಿಲ್ಲ. ಡಿಲ್ಲಿಗೂ ಬೆಂಗಳೂರಿಗೂ ನಡುವ ನಮ್ಮ ರಸ್ತಾ ಕೈ ಜಾರಿ ಬಿದ್ದದ ಅನ್ರಿ," ಎಂದ ರೇವಣಪ್ಪ.

ಧರ್ಮರಾಜ ಹೊಟ್ಟೆ ಹಿಡಿದುಕೊಂಡು ನಕ್ಕು ಚಹಾ ತರಿಸಿದರು. ಕಲ್ಯಾಣಕುಮಾರರಿಗೆ ಅದೇ ಮಾತು ಹೇಳಿದಾಗ ಅವರೂ ನಕ್ಕರು, ಅವರೂ ಚಹಾ ತರಿಸಿದರು. ಪಂಚಾಯಿತಿ ಅಧ್ಯಕ್ಷ ಮಲ್ಕಪ್ಪ ಬನ್ನಿಕಟ್ಟಿಯವನೇ, ನೆರೆಮನೆಯವನೇ. "ಕಾಕಾ, ನಾ ಅಲ್ಲಿ ಒಂದು ಬುಟ್ಟಿ ಮುರುಮ್ ಮಣ್ಣು ಹಾಕಿದ್ರೂ ಆಡಿಟ್‌ನವ್ರು ನನ್ನ ಕೊಳ್ಳಿಗಿ ಬೀಳ್ತಾರ. ನಮ್ಮ ಫಂಡಿನಾಗ ಗಟಾರ ಅಷ್ಟೇ ಬರ್ತದ," ಎಂದ. ಅವನ ಮನೆಯಲ್ಲಿ ಚಹಾದ ಜೊತೆ ಚುರುಮುರಿಯೂ ಸಿಕ್ಕಿತು. ವರ್ಷವಿಡೀ ಅಲೆದು ರೇವಣಪ್ಪ ಗಳಿಸಿದ್ದು ಚಹಾ.

"ಗಂಡ ಹೆಂಡಿರ ಜಗಳದಾಗ ಕೂಸು ಬಡವಾತು ಅಂತಾರ. ಇಲ್ಲಿ ಕೂಸು ನಮ್ದಲ್ಲ ಅಂತ ಜಗಳ ನಡದದ," ಎಂದಳು ಗುರುಬಾಯಿ. "ನೀವು ಹೋದಲ್ಲೆಲ್ಲ ನಗಸಾಕತ್ತೀರಿ. ನಗೋ ಮಂದಿ ಕೆಲಸಾ ಮಾಡ್ತಾರೇನ್ರಿ?"

ರೇವಣಪ್ಪ ಚಪ್ಪಲಿ ಮೆಟ್ಟಿಕೊಂಡು ಹೊಲದ ಕಡೆ ನಡೆದ.

ಹೀಗೆ ಮತ್ತೆ ಎಳ್ಳಮಾವಾಸ್ಯೆ ಬಂತು. ರಸ್ತೆ ಬರಲಿಲ್ಲ.

ರೇವಣಪ್ಪನ ಹೊಲ ಇರುವುದು ಆ ಕೂಗಳತೆ ರಸ್ತೆಯ ಎರಡೂ ಮಗ್ಗುಲಿಗೆ. ಅವನ ಅಜ್ಜನ ಕಾಲದಲ್ಲಿ ಅದೆಲ್ಲ ಒಂದೇ ಹೊಲ. ಆಮೇಲೆ ನಟ್ಟನಡುವೆ ರಸ್ತೆ ಬಂತು. ಸರಕಾರ ದಾರಿ ಮಾಡಿಕೊಂಡರೆ ಮಾಡಿಕೊಳ್ಳಲಿ, ಭೂಮಿತಾಯಿಗೆ ಉಣ್ಣಿಸುವುದರಲ್ಲಿ ನಡುವೆ ಗೆರೆ ಎಳೆಯಲಾಗದು ಎಂದು ಅಜ್ಜ ಹಳೆಯ ಸುತ್ತಿನಲ್ಲೇ ಚರಗ ಚೆಲ್ಲುತ್ತಿದ್ದ. ಅಂದರೆ ರಸ್ತೆ ದಾಟುವಾಗ ರಸ್ತೆಯ ಮೇಲೂ ಚೆಲ್ಲುತ್ತಿದ್ದ. ಅವನ ಮಗ ಚೆಲ್ಲಿದ, ಮೊಮ್ಮಗ ರೇವಣಪ್ಪನೂ ಚೆಲ್ಲುತ್ತ ಬಂದ. ಚರಗ ಬಿದ್ದ ನೆಲದಲ್ಲಿ ನಿಂತವರು ಉಣ್ಣದೆ ಹೋಗಬಾರದು ಎನ್ನುವುದು ಆ ಅಜ್ಜನೇ ಹಾಕಿಕೊಟ್ಟ ಕಟ್ಟಳೆ. ಲಾರಿ ಡ್ರೈವರುಗಳು ಎಷ್ಟೋ ಮಂದಿ ಆ ಕಟ್ಟಳೆಯ ಪುಣ್ಯದಿಂದ ಅವನ ಹೊಲದಲ್ಲಿ ಉಂಡು ಹೋಗಿದ್ದರು.

ಈ ಸಲ ಗುರುಬಾಯಿ ಎಳ್ಳು ಹೋಳಿಗೆಯನ್ನು ಎಂದಿನಂತೆ ಬುಟ್ಟಿ ತುಂಬ ಮಾಡಿದಳು. ಎಳ್ಳು ಹೋಳಿಗೆ ಮನೆಯಲ್ಲಿ ಆಸೆಪಟ್ಟು ತಿನ್ನುವವಳು ಸುವರ್ಣಾ ಒಬ್ಬಳೇ. ರೇವಣಪ್ಪನಿಗೆ ಹಲ್ಲಿಗೆ ಅಂಟುತ್ತದೆ, ಗುರುಬಾಯಿಗೆ ಸೇರುವುದಿಲ್ಲ. ಬುಟ್ಟಿಗೆ ಅರಿವೆ ಮುಚ್ಚುವಾಗ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆ ಇರಲಿಲ್ಲ, ಗ್ಯಾಸಿನ ಒಲೆ. ರೇವಣಪ್ಪ ಕಂಡೂ ಕಾಣದವನಂತೆ ಬುಟ್ಟಿ ಹೊತ್ತು ಮುಂದೆ ನಡೆದ.

ಹೊಲದಲ್ಲಿ ಜೋಳ ಎದೆಮಟ ನಿಂತಿತ್ತು. ಜೋಳದ ದಂಟು ನಿಲ್ಲಿಸಿ ಕಟ್ಟಿದ ಕೊಂಪೆಯೊಳಗೆ ಪಾಂಡವರ ಪೂಜೆ ಮುಗಿಯಿತು. ನಡುಹಗಲಾಗುತ್ತಿದ್ದಂತೆ ಪ್ರತಿವರ್ಷದಂತೆ ರಸ್ತೆ ಕಟ್ಟಿಕೊಂಡಿತು. ಅಷ್ಟರಲ್ಲಿ ಕ್ರಾಸಿನ ಚಹಾದಂಗಡಿಯ ಲಾಲಸಾಬ ಜೋಳದ ನಡುವೆ ನುಗ್ಗಿ ಏದುತ್ತ ಬಂದ. ಜಾಮ್ ಆದಷ್ಟೂ ಅವನ ಚಹಾ ಮಾರುತ್ತದೆ. ಅಂಥ ಹೊತ್ತಿನಲ್ಲಿ ಅಂಗಡಿ ಬಿಟ್ಟು ಬಂದನೆಂದರೆ ವಿಷಯ ದೊಡ್ಡದೇ ಇರಬೇಕು.

"ರೇವಣ್ಣಾ, ನಿಮ್ಮ ಬೀಗ್ರು! ಮಲ್ಲಣ್ಣನವ್ರ ಗಾಡಿ ನಿನ್ನ ಹೊಲದ ಮುಂದೇ ಸಿಗಬಿದ್ದದ. ಘತ್ತರಗಿಗಿ ಹೊಂಟಾರಂತ. ಗಾಡ್ಯಾಗ ಸುವರ್ಣಾನೂ ಅದಾಳ."

ರೇವಣಪ್ಪ ಓಡಲು ಹೊರಟ. ಗುರುಬಾಯಿ ಅವನ ಅಂಗಿಯ ಚುಂಗು ಹಿಡಿದಳು.

"ನಿಂದರ್ರಿ. ಓಡಿಹೋಗಿ ಕರದ್ರ ಒಲ್ಲೆ ಅಂತಾರ. ಒಲ್ಲೆ ಅಂದ್ರ ಅದೂ ಒಂದು ಆಣಿ ಆಗ್ತದ. ಮದಲ ಚರಗ ಚೆಲ್ಲೋಣ, ನಡೀರಿ."

"ಈಗ ಚರಗ?"

"ಈಗೇ. ಮತ್ತ ಒಂದು ಮಾತು ಕೇಳ್ರಿ. ನೀವು ಹುಲ್ಲುಲ್ಲಿಗೋ ಅನ್ನೋದು ಬಿಟ್ಟು ಇನ್ನೊಂದು ಮಾತು ಆಡಿದ್ರ ನಾನೂ ಸರಸಂಬಾಕ್ಕ ಹೋಗಿ ಮಗಳ ಮನ್ಯಾಗ ಇರ್ತೇನಿ."

ಚರಗದ ಬುಟ್ಟಿ ರೇವಣಪ್ಪನ ಕಂಕುಳಿಗೆ ಬಂತು, ನೀರಿನ ತಂಬಿಗೆ ಗುರುಬಾಯಿಯ ಕೈಗೆ. ಅವನು ಚರಗದ ಕೂಗಾದ "ಹುಲ್ಲುಲ್ಲಿಗೋ" ಎನ್ನುತ್ತ ಚೆಲ್ಲುವುದು, ಆಕೆ ಹಿಂದಿನಿಂದ ನೀರು ಹಾಕುವುದು. ಆಚೆಯ ಬದು ಸುತ್ತಿ ಬಂದು ಇಬ್ಬರೂ ರಸ್ತೆಗೆ ಇಳಿದರು. ಟ್ರ್ಯಾಕ್ಟರುಗಳ ಹಾಡು ಒಂದರ ಮೇಲೊಂದು ಬಿದ್ದು ಯಾವುದು ಯಾವ ಹಾಡೋ ತಿಳಿಯುವಂತಿರಲಿಲ್ಲ. ರೇವಣಪ್ಪ ಒಂದು ಲಾರಿಯ ಮೂತಿಯ ಮುಂದೆ ಚೆಲ್ಲಿದ, ಒಂದು ಟಂಟಂ ಆಟೋದ ಬದಿಗೆ ಚೆಲ್ಲಿದ. ಕೊನೆಯ ಹಿಡಿ ಕ್ರೂಸರಿನ ಗಾಲಿಯ ಬುಡಕ್ಕೆ ಬಿತ್ತು. ಕಿಟಕಿಯಲ್ಲಿ ಸುವರ್ಣಾ ಇದ್ದಳು. ಸೊರಗಿರಲಿಲ್ಲ, ಚೆನ್ನಾಗಿಯೇ ಇದ್ದಳು. ಅದನ್ನು ನೋಡಿ ಅವನಿಗೆ ಸಮಾಧಾನವೂ ಆಯಿತು, ಅಳುವೂ ಬಂತು. ಬಾಯಿ ಮಾತ್ರ ಬಿಡಲಿಲ್ಲ.

ಮಲ್ಲಣ್ಣ ಮುಂದಿನ ಸೀಟಿನಲ್ಲಿ ರುಮಾಲು ನೆಟ್ಟಗೆ ಮಾಡಿಕೊಂಡು ಎದುರಿನ ಕಬ್ಬನ್ನೇ ನೋಡುತ್ತಿದ್ದರು. ಅಷ್ಟು ಆಸ್ಥೆಯಿಂದ ನೋಡುವಂಥದ್ದು ಆ ಕಬ್ಬಿನಲ್ಲಿ ಏನೂ ಇರಲಿಲ್ಲ.

"ಇಳೀರಿ ಬೀಗ್ರ," ಎಂದಳು ಗುರುಬಾಯಿ. "ಚರಗ ಬಿದ್ದ ನೆಲದ ಮ್ಯಾಲ ನಿಂತೀರಿ. ಉಣ್ಣದ ಹೋಗಬಾರ್ದು."

"ತಂಗಿ, ನೀ ತಪ್ಪು ತಿಳಕೋಬ್ಯಾಡ. ನಾ ಆಡಿದ ಮಾತು ನಿನಗ ಗೊತ್ತದ. ಈಗ ನಾ ದೇವರ ಮನಿಗಿ ಹೊಂಟೇನಿ, ನಿಮ್ಮ ಮನಿಗಿ ಅಲ್ಲ. ಮತ್ತ ನಾ ನಿಂತದ್ದು ನಿಮ್ಮ ಹೊಲದಾಗ ಅಲ್ಲ. ಸರಕಾರದ ರಸ್ತಾದ ಮ್ಯಾಲ."

"ಇದು ಸರಕಾರದ್ದು ಅಂತ ಯಾರಂದ್ರು?"

"ರಸ್ತಾ ಸರಕಾರದ್ದಲ್ಲದ ಮತ್ಯಾರದ ಇರ್ತದ?"

ಗುರುಬಾಯಿ ಹಿಂದಿನ ಗಾಡಿಯತ್ತ ತಿರುಗಿದಳು. ಅದು ಪಂಚಾಯಿತಿಯ ಮಲ್ಕಪ್ಪನ ಜೀಪು. ಹಬ್ಬದ ಊಟಕ್ಕೆಂದು ಅವನು ತನ್ನ ಹೊಲಕ್ಕೆ ಇಬ್ಬರು ಸಾಹೇಬರನ್ನು ಕರೆದುಕೊಂಡು ಹೊರಟವನು ಅವರ ಸಮೇತ ಸಿಕ್ಕಿಕೊಂಡಿದ್ದ. ಒಬ್ಬರು ಕಲ್ಯಾಣಕುಮಾರ, ಇನ್ನೊಬ್ಬರು ಧರ್ಮರಾಜ. ಭಾಗ್ಯವಂತಿಯೇ ಕಳಿಸಿದ್ದಳೋ, ಭಜ್ಜಿಯ ವಾಸನೆ ಎಳೆದು ತಂದಿತ್ತೋ, ಮೂವರೂ ಬೇಕಾದ ಹೊತ್ತಿಗೆ ಬೇಕಾದ ಜಾಗದಲ್ಲಿದ್ದರು.

"ಸಾಹೇಬ್ರ, ಇಲ್ಲಿ ನಮ್ಮ ಬೀಗ್ರಿಗಿ ಒಂದು ಮಾತು ಹೇಳಿಬಿಡ್ರಿ. ಈ ರಸ್ತಾ ಯಾರದು?"

ಪ್ರಶ್ನೆ ಕಿವಿಗೆ ಬಿದ್ದದ್ದೇ ತಡ, ಹಸಿದ ಡ್ರೈವರುಗಳು, ಭಕ್ತರು, ಮಕ್ಕಳನ್ನೆತ್ತಿಕೊಂಡ ಹೆಂಗಸರು ಜೀಪಿನ ಸುತ್ತ ನೆರೆದರು. ಬೆಳಗ್ಗೆಯಿಂದ ಬೈಯಲು ಒಬ್ಬ ಮನುಷ್ಯ ಸಿಗದೆ ಅವರೆಲ್ಲ ಸುಮ್ಮನೆ ಹಾರ್ನ್ ಒತ್ತುತ್ತಿದ್ದರು. ಇಂಥ ಹೊತ್ತಿನಲ್ಲಿ 'ನಮ್ಮದು' ಎನ್ನುವ ಧೈರ್ಯ ಯಾರಿಗಿದೆ?

"ಹೈವೇದಂತೂ ಅಲ್ರಿ," ಎಂದರು ಕಲ್ಯಾಣಕುಮಾರ ಕಿಟಕಿಯ ಗಾಜು ಅರ್ಧಕ್ಕೆ ಇಳಿಸಿ. "ನಮ್ದು ಆ ಕಲ್ಲಿಗಿ ಮುಗೀತು."

"ನಮ್ದು ಪೂಲಿಗಿ ಮುಗೀತು," ಎಂದರು ಧರ್ಮರಾಜ.

"ನಮ್ದು ಗಟಾರ ಅಷ್ಟೇ, ಅದೂ ಇನ್ನಾ ತೋಡಿಲ್ಲ," ಎಂದ ಮಲ್ಕಪ್ಪ.

ಮಲ್ಲಣ್ಣ ಈಗ ಕಬ್ಬು ನೋಡುವುದನ್ನು ಬಿಟ್ಟರು. ಕೋರ್ಟಿನ ಕಟ್ಟೆ ಹತ್ತಿ ಇಳಿದ ಮನುಷ್ಯ. ಗಡಿಯ ಮಾತು ಬಂದರೆ ಸುಮ್ಮನಿರಲಾರರು. ಕಿಟಕಿಯಿಂದ ತಲೆ ಹೊರಹಾಕಿ ವಕೀಲರ ಧಾಟಿಯಲ್ಲೇ ಕೇಳಿದರು. "ಹಿಂಗ ಇಷ್ಟು ಮಂದಿ ಮುಂದ ಹೇಳಾಕತ್ತೀರಿ. ಖರೇನ? ಆಮ್ಯಾಲ ಮಾತು ತಿರಗಸಂಗಿಲ್ಲ?"

"ತಿರಗಸಂಗಿಲ್ರಿ," ಎಂದರು ಮೂವರೂ. ಅವರ ಮೂರೂ ಕಚೇರಿಗಳು ಒಂದು ಮಾತಿಗೆ ಒಪ್ಪಿದ್ದು ಬಹುಶಃ ಅದೇ ಮೊದಲು.

"ಕೇಳಿದ್ರೇನ್ರಿ ಬೀಗ್ರ?" ಎಂದಳು ಗುರುಬಾಯಿ. ಆಕೆಯ ದನಿಯಲ್ಲಿ ಗೆಲುವೇನೂ ಇರಲಿಲ್ಲ, ಅಂಗಡಿಯಲ್ಲಿ ಕೊತ್ತಂಬರಿ ಕೇಳಿದಷ್ಟು ಸರಳವಾಗಿತ್ತು. "ನೆಲ ಇವರ ಅಜ್ಜಂದು. ಡಿಲ್ಲಿಯವ್ರು ಒಲ್ಲೆ ಅಂದ್ರು, ಬೆಂಗಳೂರಿನವ್ರು ಒಲ್ಲೆ ಅಂದ್ರು, ಪಂಚಾಯತಿಯವ್ರೂ ಒಲ್ಲೆ ಅಂದ್ರು. ವರ್ಷಾ ಚರಗ ಚೆಲ್ಲಿದವ್ರು ನಾವು. ಈಗ ನಿಮ್ಮ ಕಣ್ಣ ಮುಂದೂ ಚೆಲ್ಲೇವಿ. ಚರಗ ಎಲ್ಲಿತನಕ ಬೀಳ್ತದೋ ಹೊಲ ಅಲ್ಲಿತನಕ ಅಂತ ನೀವೇ ಹೇಳಿದ್ರಿ. ಹಂಗಾದ್ರ ಇದು ಯಾರದು?"

ಮಲ್ಲಣ್ಣ ಗಾಲಿಯ ಬುಡದಲ್ಲಿ ಬಿದ್ದಿದ್ದ ಚರಗವನ್ನು ನೋಡಿದರು. ಅಲ್ಲ ಎಂದರೆ ತಾವು ಗೆದ್ದ ದಾವೆಯನ್ನು ತಾವೇ ಸೋತಂತೆ. ದಾಯಾದಿಯ ಕಿವಿಗೆ ಬಿದ್ದರೆ ನಾಳೆಯೇ ಬದು ಕಿತ್ತಾನು. ಹಿಂದಿನ ಸೀಟಿನಲ್ಲಿ ಸುವರ್ಣಾ ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟು ಕೂತಿದ್ದಳು. ರೇವಣಪ್ಪ ಖಾಲಿ ಬುಟ್ಟಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದ.

"ಹಂಗಾದ್ರ ಇದು ರಸ್ತಾ ಅಲ್ಲ," ಎಂದರು ಮಲ್ಲಣ್ಣ ನಿಧಾನವಾಗಿ.

"ಅಲ್ರಿ."

"ಹೊಲ."

"ಹೊಲ್ರಿ."

"ನಾ ಆಡಿದ್ದು ರಸ್ತಾದ ಮಾತು. ರಸ್ತಾ ಅದ ಅಂತ ತಿಳದು ಆಡಿದ್ದು. ಹೊಲದಾಗ ಹಾದು ಬರಂಗಿಲ್ಲ ಅಂತ ನಾ ಎಲ್ಲೂ ಅಂದಿಲ್ಲ." ಅವರು ಗಾಡಿಯ ಬಾಗಿಲು ತೆರೆದು, ಈ ಸಲ ಎರಡೂ ಕಾಲನ್ನು ನೆಲಕ್ಕಿಟ್ಟರು. "ಇಳೀರಿ ಎಲ್ಲಾರೂ. ಬೀಗ್ರ ಹೊಲ ಬಂತು."

ಸುವರ್ಣಾ ಆಗಲೇ ಆ ಕಡೆಯ ಬಾಗಿಲಿನಿಂದ ಇಳಿದಿದ್ದಳು. "ಯವ್ವಾ," ಎಂದು ಬಂದು ಗುರುಬಾಯಿಯನ್ನು ತಬ್ಬಿಕೊಂಡಾಗ ತಂಬಿಗೆಯ ನೀರೆಲ್ಲ ಇಬ್ಬರ ಸೀರೆಯ ಮೇಲೆ ಚೆಲ್ಲಿತು. ಅಪ್ಪನ ಕಡೆ ತಿರುಗಿ, "ಯಾಕಪ್ಪಾ, ಮಾತಾಡಲ್ಲಾ?" ಎಂದಳು. ರೇವಣಪ್ಪ ಹೆಂಡತಿಯ ಮುಖ ನೋಡಿದ. ಅಪ್ಪಣೆ ಸಿಗಲಿಲ್ಲ. ಮಗಳ ತಲೆಯ ಮೇಲೆ ಕೈ ಇಟ್ಟು, "ಹುಲ್ಲುಲ್ಲಿಗೋ," ಎಂದ. ಸುವರ್ಣಾ ಅಳುತ್ತಿದ್ದವಳು ನಕ್ಕುಬಿಟ್ಟಳು.

ಅಜ್ಜನ ಕಟ್ಟಳೆ ಎಂದ ಮೇಲೆ ಸಾಹೇಬರಿಗೂ ಬಿಡುಗಡೆಯಿಲ್ಲ. ಅವರೂ ಮಲ್ಕಪ್ಪನೂ ಕೊಂಪೆಯ ಮುಂದೆ ಸಾಲಿನಲ್ಲಿ ಕೂತರು, ಡ್ರೈವರುಗಳೂ ಕೂತರು. ಗುರುಬಾಯಿ ಬಿಸಿ ಭಜ್ಜಿ ಬಡಿಸಿದಳು. ಸುವರ್ಣಾ ಎಳ್ಳು ಹೋಳಿಗೆಯ ಬುಟ್ಟಿಯ ಅರಿವೆ ತೆಗೆದು ಮೊದಲನೆಯದನ್ನು ತಾನೇ ಬಾಯಿಗಿಟ್ಟುಕೊಂಡು ಆಮೇಲೆ ಉಳಿದವರಿಗೆ ಹಂಚಿದಳು.

"ರೇವಣ್ಣಾ, ಹೊಲ ಅಂತೂ ನಿಂದಾತು," ಎಂದ ಲಾಲಸಾಬ ಕಡುಬು ಮುರಿಯುತ್ತ. "ಬರೋ ಹಂಗಾಮಿಗಿ ಆ ತುಂಡಿನಾಗೂ ಜೋಳ ಬಿತ್ತಿಬಿಡು. ಗುಂಡ್ಯಾಗ ನೀರು ನಿಲ್ತದ, ಬೆಳಿ ಚಲೋ ಬರ್ತದ."

ಕಲ್ಯಾಣಕುಮಾರರ ಕೈಯ ತುತ್ತು ಅಲ್ಲೇ ನಿಂತಿತು. "ಹಂಗೆಲ್ಲಾ ಬಿತ್ತಾಕ ಬರಂಗಿಲ್ರಿ. ಅದು ಸರಕಾರದ ಜಾಗಾ!"

"ಹೌದ್ರಿ, ಸರಕಾರದ್ದು," ಎಂದು ಧರ್ಮರಾಜರೂ ದನಿಗೂಡಿಸಿದರು.

"ಯಾವ ಸರಕಾರದ್ರಿ, ಸಾಹೇಬ್ರ?" ಎಂದ ಲಾಲಸಾಬ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಭಜ್ಜಿ ಬಹಳ ರುಚಿಯಾಗಿದೆ ಎಂದು ಹೇಳಿ ಇನ್ನೊಂದಿಷ್ಟು ಹಾಕಿಸಿಕೊಂಡರು.

ರೇವಣಪ್ಪ ಕೊಂಪೆಯ ಹಿಂದೆ ನೀರಿನ ಕೊಡ ತರಲು ಹೋದ. ಕ್ರೂಸರಿನ ಡ್ರೈವರ್ ಭಗವಂತ ಅಲ್ಲಿ ಕೈ ತೊಳೆಯುತ್ತಿದ್ದ. "ಭಾಳ ಚಲೋ ಊಟ ಆತ್ರಿ," ಎಂದವನು ದನಿ ತಗ್ಗಿಸಿದ. "ನಿಮಗೊಂದು ಹೇಳ್ತೇನಿ, ಸಾವಕಾರ್ರಿಗಿ ಹೇಳಬ್ಯಾಡ್ರಿ. ನಸೀಕಲೇ ಹೊರಟ್ರ ರಸ್ತಾ ಖಾಲಿ ಇರ್ತದ ಅಂತ ನಾ ಬಡಕೊಂಡೆ. ಕೇಳಲಿಲ್ಲ. 'ಬನ್ನಿಕಟ್ಟಿ ಕ್ರಾಸಿಗಿ ಮಧ್ಯಾಹ್ನ ಊಟದ ಹೊತ್ತಿಗೇ ಮುಟ್ಟಬೇಕು' ಅಂದ್ರು. ಆ ಹೊತ್ತಿಗಿ ಅಲ್ಲಿ ಜಾಮ್ ಇರ್ತದಲ್ರಿ ಅಂದೆ. 'ಇರ್ಲಿ ಬಿಡು' ಅಂದ್ರು. ಘತ್ತರಗಿಗಿ ಹೋಗೋಣ ಅಂತ ಹೊಂಡಿಸಿದವ್ರೂ ಅವ್ರೇ."

ರೇವಣಪ್ಪ ಕೊಡ ಹಿಡಿದುಕೊಂಡು ಹಾಗೇ ನಿಂತ. ವರ್ಷವಿಡೀ ತಾನು ರಸ್ತೆಯಾಗಲಿ ಎಂದು ಅಲೆದರೆ, ಬೀಗರು ಆ ಜಾಮನ್ನೇ ನೆಚ್ಚಿಕೊಂಡು ಬಂದಿದ್ದಾರೆ! ಮಾತು ಬಿಡಲಾಗದೆ, ಸೊಸೆಯ ಸಪ್ಪೆ ಮುಖ ನೋಡಲಾಗದೆ, ತಾವಾಗಿ ಬರಲಾಗದೆ, ಕಬ್ಬಿನ ಟ್ರ್ಯಾಕ್ಟರು ತಡೆದು ನಿಲ್ಲಿಸಲಿ ಎಂದು ಹೊರಟಿದ್ದಾರೆ. ಅವನಿಗೆ ಆ ಮುದುಕರ ಮೇಲೆ ಇದ್ದ ಅಷ್ಟಿಷ್ಟು ಸಿಟ್ಟೂ ಕರಗಿಹೋಯಿತು. ಅದರ ಜೊತೆಗೇ ನಾಲಿಗೆಯ ತುದಿಗೆ ಒಂದು ಚಾಷ್ಟಿ ಬಂದು ಕೂತಿತು. ಅವನ ಜನ್ಮದಲ್ಲೇ ಅಂಥದ್ದು ಹೊಳೆದಿರಲಿಲ್ಲ. ಊರಿಗೆ ಊರೇ ಹತ್ತು ವರ್ಷ ಹೇಳಿಕೊಂಡು ನಗುವಂಥದ್ದು.

ಅವನು ಸಾಲಿಗೆ ಬಂದಾಗ ಮಲ್ಲಣ್ಣ ತಲೆಯೆತ್ತಿ ನೋಡಿದರು. "ಏನ್ರಿ ಬೀಗ್ರ, ಬಂದಾಗಿಂದ ಬಾಯಿ ಬಿಟ್ಟಿಲ್ಲ. ನಿಮಗೂ ಸಿಟ್ಟು ಬಂದದೇನು? ಒಂದು ಮಾತು ಆಡ್ರಿ."

ಗುರುಬಾಯಿ ಸೌಟು ಹಿಡಿದ ಕೈ ನಿಲ್ಲಿಸಿದಳು. ಸುವರ್ಣಾ ಅಪ್ಪನ ಮುಖ ನೋಡಿದಳು. ರೇವಣಪ್ಪನ ಬಾಯಿ ತೆರೆಯಿತು. ಎಲುಬಿಲ್ಲದ ನಾಲಿಗೆ ಒಮ್ಮೆ ಹೊರಳಿತು. ಆಮೇಲೆ ಅವನು ಬಾಗಿ, ಮಲ್ಲಣ್ಣನ ತಾಟಿಗೆ ಒಂದು ಎಳ್ಳು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದ.

"ಉಣ್ರಿ ಬೀಗ್ರ. ನೀವು ಬಂದ್ರಿ, ಅಷ್ಟೇ ಸಾಕು ನಮಗ."

ಮಲ್ಲಣ್ಣ ಅವನ ಮುಖವನ್ನು ನೋಡಿದರು, ಕೊಂಪೆಯ ಹಿಂದಿನಿಂದ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದ ಭಗವಂತನನ್ನು ನೋಡಿದರು. ತಿಳಿಯಬೇಕಾದ್ದು ತಿಳಿಯಿತು. ಹೋಳಿಗೆ ಮುರಿಯುತ್ತ, ಯಾರಿಗೆಂದಿಲ್ಲದೆ ಹೇಳಿದರು. "ಸುವರ್ಣಾ ಹದಿನೈದು ದಿನ ಇಲ್ಲೇ ಇರ್ಲಿ. ಪಂಚಮಿಗಿ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಕರಕೊಂಡು ಹೋಗಾಕ ನಾನೇ ಬರ್ತೇನಿ."

ಆಗ ರಸ್ತೆಯಲ್ಲಿ ಗದ್ದಲವೆದ್ದಿತು. ಮುಂದಿನ ಕಬ್ಬಿನ ಟ್ರ್ಯಾಕ್ಟರು ಕದಲಿತ್ತು. ಕ್ರೂಸರಿನ ಮುಂದೆ ಪೂಲಿನ ತನಕ ದಾರಿ ಖಾಲಿ ಬಿದ್ದಿತ್ತು. ಆದರೆ ಕ್ರೂಸರು ನಟ್ಟನಡುವೆ ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ಅದರ ಹಿಂದೆ ಹೊಸದಾಗಿ ಬಂದ ಗಾಡಿಗಳೆಲ್ಲ ಒಟ್ಟಿಗೇ ಹಾರ್ನ್ ಹೊಡೆಯತೊಡಗಿದವು. ಭಗವಂತ ಗಾಬರಿಯಿಂದ ಚಾವಿ ಹುಡುಕಿಕೊಂಡ.

"ಕುಂದ್ರೋ," ಎಂದರು ಮಲ್ಲಣ್ಣ. ಹೋಳಿಗೆಯನ್ನು ತುಪ್ಪದಲ್ಲಿ ಚೆನ್ನಾಗಿ ಅದ್ದಿ ಬಾಯಿಗಿಟ್ಟುಕೊಂಡರು. "ಒದರಿದ್ರ ಒದರ್ಲಿ. ನಮ್ಮ ಬೀಗ್ರ ಹೊಲದಾಗ ನಮ್ಮ ಗಾಡಿ ನಿಂತದ. ಕೇಳವ್ರು ಯಾರದಾರ?"

ಮೊದಲು ನಕ್ಕವನು ರೇವಣಪ್ಪ.